ಟೆಲಿಸ್ಕೋಪಿನಲ್ಲಿ ಬೋರ್ಡು ಉಲ್ಟಾ ಕಾಣುತ್ತಿದೆ, ವಾಪಸ್ ಕೊಡಲಾ?

ಪ್ರಶ್ನೆ: ಎಂಟನೇ ಕ್ಲಾಸಿನ ಮಗಳಿಗೆ 70 ಮಿ.ಮೀ. ಲೆನ್ಸಿನ ಟೆಲಿಸ್ಕೋಪ್ ತಂದುಕೊಟ್ಟೆ. ಹಗಲಲ್ಲಿ ತಾರಸಿಯಿಂದ ದೂರದ ಅಂಗಡಿ ಬೋರ್ಡು ನೋಡಿದರೆ ಅಕ್ಷರಗಳು ನೆಟ್ಟಗೇ ಇವೆ, ಆದರೆ ಎಡಬಲ ಅದಲುಬದಲು. ಹಿಂದಿನ ಮೊಣಕೈಯಂಥ ತುಂಡು ತೆಗೆದು ನೇರವಾಗಿ ನೋಡಿದರೆ ಬೋರ್ಡೇ ತಲೆಕೆಳಗು. ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ದುರ್ಬೀನು, ಫೈಂಡರಿನಲ್ಲೂ ತಲೆಕೆಳಗು. ಪುಸ್ತಕದ ಚಂದ್ರನ ನಕ್ಷೆಗೂ ನಮಗೆ ಕಾಣುವ ಚಂದ್ರನಿಗೂ ತಾಳೆಯೇ ಆಗುತ್ತಿಲ್ಲ. ಮಾಲು ಕೆಟ್ಟಿದೆಯಾ?
– ಓದುಗರು, ಚಿಂತಾಮಣಿ

ಉತ್ತರ: ವಾಪಸ್ ಕೊಡಬೇಡಿ. ನಿಮ್ಮ ಟೆಲಿಸ್ಕೋಪ್ ಸರಿಯಾಗಿಯೇ ಇದೆ. ಮೂರು ಕಡೆಯಿಂದ ನೋಡಿ ಮೂರನ್ನೂ ಬರೆದು ಕಳಿಸಿದ್ದೀರಲ್ಲ, ಉತ್ತರ ಅದರಲ್ಲೇ ಇದೆ.

ಮುಂದಿನ ದೊಡ್ಡ ಲೆನ್ಸು ದೂರದ ವಸ್ತುವಿನ ಚಿತ್ರವನ್ನು ಕೊಳವೆಯ ಹಿಂಭಾಗದಲ್ಲಿ ಮೂಡಿಸುತ್ತದೆ. ಆ ಚಿತ್ರ ಮೂಡುವುದೇ ಉಲ್ಟಾ: ಮೇಲಿನದು ಕೆಳಗೆ, ಎಡದ್ದು ಬಲಕ್ಕೆ. ಕಣ್ಣಿಟ್ಟು ನೋಡುವ ಕಡೆಯ ಪುಟ್ಟ ಲೆನ್ಸು, ಐಪೀಸ್, ಅದನ್ನು ಇದ್ದ ಹಾಗೇ ದೊಡ್ಡದು ಮಾಡಿ ತೋರಿಸುತ್ತದೆ. ಗೆಲಿಲಿಯೋ 1609ರಲ್ಲಿ ಆಕಾಶಕ್ಕೆ ತಿರುಗಿಸಿದ ದುರ್ಬೀನಿನಲ್ಲಿ ಕಣ್ಣಿನ ಕಡೆ ತಗ್ಗು ಲೆನ್ಸು ಇತ್ತು. ಚಿತ್ರ ನೆಟ್ಟಗೆ ಕಾಣುತ್ತಿತ್ತು, ಆದರೆ ಒಂದೇ ಸಲಕ್ಕೆ ಕಾಣುವ ಜಾಗ ತೀರಾ ಕಿರಿದು. 1611ರಲ್ಲಿ ಕೆಪ್ಲರ್ ಎರಡೂ ಕಡೆ ಉಬ್ಬು ಲೆನ್ಸು ಇಡುವ ದಾರಿ ಹೇಳಿದ. ಜಾಗ ಅಗಲವಾಯಿತು, ಚಿತ್ರ ಮಾತ್ರ ತಲೆಕೆಳಗಾಯಿತು. ನಿಮ್ಮ ಟೆಲಿಸ್ಕೋಪೂ ಫೈಂಡರೂ ಕೆಪ್ಲರನ ಕಡೆಯವು.

ಇನ್ನು ಮೊಣಕೈ. ಅದರ ಹೆಸರು ಡಯಾಗನಲ್, ಒಳಗಿರುವುದು ಒಂದು ಕನ್ನಡಿ ಇಲ್ಲವೇ ಪ್ರಿಸಂ. ಕತ್ತು ಬಗ್ಗಿಸದೆ ನೋಡಲಿ ಅಂತ ಅದನ್ನು ಕೊಡುತ್ತಾರೆ. ಅದು ಮೇಲುಕೆಳಗನ್ನು ಒಮ್ಮೆ ಮಗುಚುತ್ತದೆ. ತಲೆಕೆಳಗಾದದ್ದು ಎದ್ದು ನಿಲ್ಲುತ್ತದೆ, ಎಡಬಲದ ಅದಲುಬದಲು ಹಾಗೇ ಉಳಿಯುತ್ತದೆ. ಆಂಬುಲೆನ್ಸಿನ ಮುಂದೆ ಬರೆದಿರುತ್ತಾರಲ್ಲ, ಅದೇ ಥರದ ಅಕ್ಷರ. ಕನ್ನಡಿಯೇ ಮುಖ್ಯವಾದ ನ್ಯೂಟನ್ ಮಾದರಿಯ ಟೆಲಿಸ್ಕೋಪಿನಲ್ಲಿ ಕನ್ನಡಿ ಎರಡಿರುವುದರಿಂದ ಈ ತಂಟೆ ಇಲ್ಲ. ಅಲ್ಲಿ ಚಿತ್ರ ತಿರುಗಿರುತ್ತದೆ ಅಷ್ಟೆ.

ಈ ವ್ಯತ್ಯಾಸ ಮಗಳಿಗೆ ಕೈಯಾರೆ ಗೊತ್ತಾಗಲಿ. ಐಪೀಸಿಗೆ ಮೊಬೈಲ್ ಹಿಡಿದು ಅದೇ ಬೋರ್ಡಿನ ಫೋಟೋ ತೆಗೆಯಲು ಹೇಳಿ. ಡಯಾಗನಲ್ ಇಲ್ಲದೆ ತೆಗೆದ ಫೋಟೋವನ್ನು ತಲೆಕೆಳಗು ಹಿಡಿದರೆ ಓದಬಹುದು. ಡಯಾಗನಲ್ ಹಾಕಿ ತೆಗೆದದ್ದನ್ನು ಹೇಗೆ ತಿರುಗಿಸಿದರೂ ಓದಲಾಗದು.

ನಕ್ಷೆ ತಾಳೆಯಾಗದಿರುವುದೂ ಇದಕ್ಕೇ. ಚಂದ್ರನ ನಕ್ಷೆಯ ಜೆರಾಕ್ಸ್ ಮಾಡಿಸಿ, ಹಾಳೆ ಮಗುಚಿ, ಹಿಂದಿನಿಂದ ಟಾರ್ಚ್ ಬಿಡಿ. ನಕ್ಷೆಯಲ್ಲಿ ಬಲ ಅಂಚಿನ ಹತ್ತಿರವಿರುವ ಮೊಟ್ಟೆಯಂಥ ಕಪ್ಪು ಮಚ್ಚೆ, ಮಾರೆ ಕ್ರಿಸಿಯಂ, ಈಗ ಎಡಕ್ಕೆ ಬರುತ್ತದೆ. ನಿಮಗೆ ಬೇಕಾದ ನಕ್ಷೆ ಅದು. ಆಮೇಲೂ ಹಾಳೆಯನ್ನು ಸ್ವಲ್ಪ ಓರೆ ಮಾಡಬೇಕಾಗಬಹುದು. ನಮ್ಮೂರಿನ ಆಕಾಶದಲ್ಲಿ ಎಳೆ ಚಂದ್ರ ದೋಣಿಯ ಹಾಗೆ ಮಲಗಿರುವುದನ್ನು ನೋಡಿದ್ದೀರಲ್ವಾ? ಹುಟ್ಟುವಾಗಿನ ಚಂದ್ರನಿಗೂ ಮುಳುಗುವಾಗಿನ ಚಂದ್ರನಿಗೂ ಮುಖ ತುಂಬಾ ತಿರುಗಿರುತ್ತದೆ. ಅದಕ್ಕೇ ಆಕಾಶದಲ್ಲಿ ಮೇಲೆ, ಕೆಳಗೆ ಅನ್ನದೆ ದಿಕ್ಕು ಹೇಳುವುದು ಒಳ್ಳೆಯ ಅಭ್ಯಾಸ. ಟೆಲಿಸ್ಕೋಪನ್ನು ಅಲುಗಾಡಿಸದೆ ಬಿಡಿ. ನಕ್ಷತ್ರ ಯಾವ ಅಂಚಿನಿಂದ ಹೊರಗೆ ಜಾರುತ್ತದೋ ಅದು ಪಶ್ಚಿಮ. ಚಂದ್ರ ತನ್ನ ಅಗಲದಷ್ಟು ಸರಿಯಲು ಸುಮಾರು 2 ನಿಮಿಷ ಸಾಕು.

ಬೋರ್ಡು ನೆಟ್ಟಗೇ ಕಾಣಬೇಕು, ಹಕ್ಕಿಯನ್ನೂ ನೋಡಬೇಕು ಅಂದರೆ ಡಯಾಗನಲ್ ಬದಲಿಗೆ ಹಾಕುವ 45 ಡಿಗ್ರಿಯ ಎರೆಕ್ಟಿಂಗ್ ಪ್ರಿಸಂ ಸಿಗುತ್ತದೆ. ರಾತ್ರಿ ನೋಡಲು ಅದರ ಅಗತ್ಯ ಇಲ್ಲ. ಜಾಸ್ತಿ ಪವರ್ ಹಾಕಿದಾಗ ಪ್ರಕಾಶಮಾನವಾದ ನಕ್ಷತ್ರಕ್ಕೆ ಅಡ್ಡ ಗೆರೆಯೊಂದು ಮೂಡಿಸುತ್ತದೆ, ನನಗಂತೂ ಹಿಡಿಸದು.

ಫೈಂಡರನ್ನು ಹಗಲಲ್ಲೇ ಹೊಂದಿಸಿಬಿಡಿ. ಎದುರು ಮನೆಯ ಕಿಟಕಿ ಬೇಡ, ತೀರಾ ಹತ್ತಿರ. ಅಂಬಾಜಿದುರ್ಗದ ಬೆಟ್ಟದ ತುದಿಯ ಬಂಡೆಯೊಂದನ್ನು ಮೊದಲು ದೊಡ್ಡ ಕೊಳವೆಯ ನಡುವೆ ತನ್ನಿ. ಆಮೇಲೆ ಫೈಂಡರಿನ ಸ್ಕ್ರೂಗಳನ್ನು ಮಾತ್ರ ತಿರುಗಿಸಿ ಅದೇ ಬಂಡೆಯನ್ನು ಕೂಡುಗೆರೆಗೆ ತನ್ನಿ. ಫೈಂಡರಿನಲ್ಲಿ ಎಲ್ಲ ಉಲ್ಟಾ ಓಡುತ್ತದೆ. ನಾಲ್ಕು ದಿನದಲ್ಲಿ ಕೈ ಪಳಗುತ್ತದೆ.

ಒಂದು ಮಾತು ಮಾತ್ರ ಖಡಕ್ಕಾಗಿ. ಡಬ್ಬಿಯಲ್ಲಿ ಐಪೀಸಿಗೆ ತಿರುಪುವ ಕಪ್ಪು ಸೂರ್ಯನ ಫಿಲ್ಟರ್ ಇದ್ದರೆ ಇವತ್ತೇ ಕಸಕ್ಕೆ ಹಾಕಿ. ಒಳಗೆ ಸೇರಿದ ಬಿಸಿಗೆ ಅದು ಸೀಳಬಹುದು, ಕಣ್ಣು ಹೋಗುತ್ತದೆ. ಸೂರ್ಯನ ಫಿಲ್ಟರ್ ಇರಬೇಕಾದದ್ದು ಕೊಳವೆಯ ಮುಂಭಾಗದಲ್ಲಿ. ಆಗಲೂ ಫೈಂಡರಿಗೆ ಮುಚ್ಚಳ ಹಾಕಿರಬೇಕು.

ಶುರುವಿಗೆ 20 ಮಿ.ಮೀ. ಐಪೀಸ್ ಹಾಕಿ. ಕೊಳವೆಯ ಮೇಲೆ 700 ಮಿ.ಮೀ. ಅಂತ ಬರೆದಿದ್ದರೆ 700 ಭಾಗಿಸು 20, ಅಂದರೆ 35 ಪಟ್ಟು. 4 ಮಿ.ಮೀ. ಐಪೀಸ್ 175 ಪಟ್ಟು ಅನ್ನುತ್ತದೆ, ಆದರೆ 70 ಮಿ.ಮೀ. ಲೆನ್ಸಿಗೆ 140 ದಾಟಿದರೆ ಬರೀ ಮಸುಕು. ಬಿಸಿಲಿಗೆ ಕಾದ ತಾರಸಿ ಕತ್ತಲಾದ ಮೇಲೂ ಬಿಸಿ ಉಗುಳುತ್ತಿರುತ್ತದೆ, ಚಿತ್ರ ನಡುಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಹುಣ್ಣಿಮೆಗೆ ಕಾಯಬೇಡಿ, ಅವತ್ತು ನೆರಳೇ ಇರುವುದಿಲ್ಲ. ಅಮಾವಾಸ್ಯೆ ಕಳೆದು ಬರುವ ಅಷ್ಟಮಿಯ ಸಂಜೆ, ಬೆಳಕು ಕತ್ತಲೆ ಸೇರುವ ಗೆರೆಯ ಉದ್ದಕ್ಕೂ ಗುಳಿಗಳು ಎದ್ದು ಕಾಣುತ್ತವೆ.