ಹಳೇ ಜೀಪಿನ ಸೀಟು: ಹೊಲಿಸುವುದಾ, ಬದಲಿಸುವುದಾ?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮ ತೋಟದ ಜೀಪು 1984ರ ಮಹೀಂದ್ರಾ ಸಿಜೆ 3ಬಿ, ಅಪ್ಪನ ಕಾಲದ್ದು. ಇಂಜಿನ್ ಗಟ್ಟಿಯಾಗಿದೆ, ಸೀಟು ಮಾತ್ರ ಕೂತುಹೋಗಿದೆ. ಪೇಟೆಗೆ ಹೋಗಿ ಬಂದರೆ ಸೊಂಟ ಹಿಡಿದುಕೊಳ್ಳುತ್ತದೆ. ಗುಜರಿಯಲ್ಲಿ ಒಂದು ಜೊತೆ ಕಾರಿನ ಸೀಟು ಸಿಕ್ಕಿದೆ, ಅದನ್ನೇ ಹಾಕೋಣ ಅಂತಾನೆ ಮಗ. ಏನು ಮಾಡಲಿ?
- ಓದುಗರು, ಮೂಡಿಗೆರೆ

ಉತ್ತರ: ಹಳೇ ಸೀಟಿನ ಫ್ರೇಮು ಚೆನ್ನಾಗಿದ್ದರೆ ಅದನ್ನೇ ಹೊಲಿಸಿ. ಕಾರಿನ ಸೀಟು ಮೆತ್ತಗಿರುತ್ತದೆ ನಿಜ, ಆದರೆ ನಿಮ್ಮ ಜೀಪಿಗೆ ಎತ್ತರವೇ ದೊಡ್ಡ ಸಮಸ್ಯೆ. ಕಾರಿನ ಸೀಟಿಗೆ ಕೆಳಗೆ ಜಾರುವ ರೈಲು ಇರುತ್ತದೆ, ನಿಮ್ಮ ಜೀಪಿನಲ್ಲಿ ಡ್ರೈವರ್ ಸೀಟಿನ ಕೆಳಗೇ ಟ್ಯಾಂಕು ಇದೆ, ಅದರ ಮೇಲೆ ಇದನ್ನು ಕೂರಿಸಿದರೆ ತೊಡೆ ಸ್ಟೀರಿಂಗಿಗೆ ತಾಗುತ್ತದೆ, ಕಣ್ಣಿನ ನೇರಕ್ಕೆ ಮುಂದಿನ ಗಾಜಿನ ಮೇಲಿನ ಪಟ್ಟಿ ಬರುತ್ತದೆ, ಗುಂಡಿ ಬಿದ್ದ ಕಡೆ ತಲೆ ಹುಡ್ಡಿನ ಕಂಬಿಗೆ ಬಡಿಯುತ್ತದೆ. ಮಗನಿಗೆ ಅಷ್ಟು ಆಸೆಯಿದ್ದರೆ ಬೋಲ್ಟ್ ಹಾಕುವ ಮೊದಲು ಸೀಟನ್ನು ಸುಮ್ನೆ ಇಟ್ಟು ಕೂತು ನೋಡಿ. ಕ್ಲಚ್ ಪೂರ್ತಿ ಒತ್ತಿ, ಸ್ಟೀರಿಂಗ್ ಎರಡೂ ಕಡೆ ತಿರುಗಿಸಿ. ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಹೊಲಿಸುವುದಾದರೆ ಬಟ್ಟೆಯ ಬಣ್ಣ ಆರಿಸಲು ಹೋಗಬೇಡಿ, ಮೊದಲು ತಳ ನೋಡಿ. ನಮ್ಮ ಮನೆಯ ಜೀಪಿನಲ್ಲಿ ನಾನು ಇದೇ ತಪ್ಪು ಮಾಡಿದ್ದೆ. ಹೊಸ ರೆಕ್ಸಿನ್ ಹಾಕಿಸಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸೀಟು ಒಂದು ಕಡೆ ವಾಲಿತು. ಬಿಚ್ಚಿ ನೋಡಿದರೆ ಒಳಗಿನ ತೆಂಗಿನ ನಾರು ಮುಟ್ಟಿದರೆ ಪುಡಿಯಾಗುತ್ತಿತ್ತು, ತುಂಡಾದ ಸ್ಪ್ರಿಂಗಿನ ತುದಿ ಫೋಮಿನೊಳಗೆ ಇಳಿದಿತ್ತು, ಮೂಲೆಯಲ್ಲಿ ಮೊಳಕೆ ಬಂದ ಎರಡು ಕಾಫಿ ಬೀಜ! ನೀರು ಅಷ್ಟು ದಿನ ಅಲ್ಲೇ ನಿಂತಿತ್ತು ಅಂತ ಆಗ ಅರ್ಥವಾಯಿತು. ಹಾಗಾಗಿ ಸ್ಕ್ರೂಡ್ರೈವರ್ ತಗೊಂಡು ಫ್ರೇಮಿನ ಬೆಸುಗೆ, ಬೋಲ್ಟ್ ಕೂರುವ ಜಾಗ, ಸುತ್ತಲಿನ ತಗಡು ಎಲ್ಲಾ ಚುಚ್ಚಿ ನೋಡಿ. ತೂತಾದರೆ ಅದು ತುಕ್ಕು ತಿಂದ ಜಾಗ, ಅಲ್ಲಿ ಹೊಸ ತಗಡು ಬೇಕು. ಆದರೆ ಟ್ಯಾಂಕು ಅಲ್ಲೇ ಇರುವಾಗ ವೆಲ್ಡಿಂಗ್ ಮಾಡಿಸಲೇಬೇಡಿ. ಟ್ಯಾಂಕು ಬಿಚ್ಚಿ ದೂರ ಇಡಿಸಿ, ಎಣ್ಣೆ ಖಾಲಿ ಮಾಡಿದರೆ ಸಾಕು ಅಂದರೆ ಒಪ್ಪಬೇಡಿ. ಖಾಲಿ ಟ್ಯಾಂಕಿನ ಒಳಗಿನ ಆವಿಯೇ ಹೊತ್ತಿಕೊಳ್ಳುತ್ತದೆ.

ಫೋಮಿನ ವಿಷಯ. ಪೂರ್ತಿ ಮೆತ್ತನೆಯ ಫೋಮು ಅಂಗಡಿಯಲ್ಲಿ ಹಾಯ್ ಅನಿಸುತ್ತದೆ, ತೋಟದ ದಾರಿಯಲ್ಲಿ ಅದು ಅಡಿಗೆ ಕೂತುಬಿಡುತ್ತದೆ, ಆಮೇಲೆ ಪ್ರತಿ ಕಲ್ಲೂ ನೇರ ಬೆನ್ನಿಗೆ. ಕೆಳಗೆ 3 ಇಂಚು ಗಟ್ಟಿ ಫೋಮು, 40 ಡೆನ್ಸಿಟಿಯದ್ದು ಕೇಳಿ, ಮೇಲೆ 1 ಇಂಚು ಮೆತ್ತನೆಯದು ಸಾಕು. ಮುಂದಿನ ಅಂಚು ಹಿಂದಿಗಿಂತ ಸ್ವಲ್ಪ ಎತ್ತರ ಇರಲಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಮುಂದಕ್ಕೆ ಜಾರುತ್ತೀರಿ. ತಳಕ್ಕೆ ಹಲಗೆ ಹಾಕಿದರೆ ನೀರು ಇಳಿಯಲು ನಾಲ್ಕೈದು ತೂತು ಕೊರೆಸಿ.

ಈಗ ಎಲ್ಲ ಕಡೆ ಡೈಮಂಡ್ ಹೊಲಿಗೆ ಹಾಕುತ್ತಾರೆ. ನೋಡಲು ಚೆಂದ. ಆದರೆ ತೆರೆದ ಜೀಪಿಗೆ, ಅದೂ ಮಲೆನಾಡಿನ ಮಳೆಗೆ, ನನಗೆ ಅದು ಬೇಡವೇ ಬೇಡ. ಸೂಜಿ ಹೋದ ಪ್ರತಿ ತೂತಿನಿಂದಲೂ ನೀರು ಒಳಗೆ ಹೋಗುತ್ತದೆ. ಕೂರುವ ಜಾಗ ಒಂದೇ ತುಂಡು ರೆಕ್ಸಿನ್ ಇರಲಿ, ಹೊಲಿಗೆ ಪಕ್ಕಕ್ಕೆ ಬರಲಿ. ದಾರ ನೈಲಾನ್ ಅಥವಾ ಪಾಲಿಯೆಸ್ಟರ್ ಇರಬೇಕು, ಹತ್ತಿ ದಾರ ಒದ್ದೆಯಾಗಿ ಕೊಳೆಯುತ್ತದೆ. ಹಳೇ ಕವರು ಎಷ್ಟೇ ಹರಿದಿದ್ದರೂ ಎಸೆಯಬೇಡಿ, ಹೊಲಿಗೆ ಬಿಚ್ಚಿದರೆ ಅದೇ ಅಳತೆ.

ಪ್ರಶ್ನೆ: ಹಿಂದೆ ಎದುರು ಬದುರು ಬೆಂಚು ಇದೆ. ಅದನ್ನು ತೆಗೆದು ಇನ್ನೊಂದೆರಡು ಸೀಟು ಜಾಸ್ತಿ ಹಾಕಿಸಬಹುದಾ?
- ಓದುಗರು, ಸಕಲೇಶಪುರ

ಉತ್ತರ: ಬೇಡ. ಆರ್‌ಸಿಯಲ್ಲಿ ಎಷ್ಟು ಜನ ಕೂರಬಹುದು ಅಂತ ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೇ ಇರುವುದು: ಕಂಪನಿ ಹೇಳಿದ್ದಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು. ಇರುವ ಬೆಂಚಿನ ಫೋಮು, ರೆಕ್ಸಿನ್ ಹೊಸದು ಮಾಡಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ತೋಟದ ಕೆಲಸದವರು, ಮಕ್ಕಳು ಕೂರುವ ಜಾಗ ಅಲ್ವಾ ಅದು, ಬೆಂಚಿನ ಬೋಲ್ಟುಗಳನ್ನೂ ಹೊಸದು ಹಾಕಿಸಿ. ಬೋಲ್ಟಿನ ಕೆಳಗೆ ಸಣ್ಣ ವಾಷರ್ ಸಾಲದು, ಅಂಗೈಯಗಲದ ದಪ್ಪ ಕಬ್ಬಿಣದ ಪಟ್ಟಿ ಕೊಡಿ. ಬೆಲ್ಟ್ ಹಾಕಿಸುವಾಗಲೂ ಅಷ್ಟೇ. ತೆಳು ತಗಡಿಗೆ ಬಿಗಿದ ಬೋಲ್ಟು ಜೋರು ಎಳೆತಕ್ಕೆ ತಗಡನ್ನೇ ಹರಿದುಕೊಂಡು ಬರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಜಿಪ್ಸಿ ಸೀಟಿಗೆ ಬೂಷ್ಟು ಹಿಡಿಯುತ್ತದೆ. ಏನು ಹಚ್ಚಲಿ?
- ಓದುಗರು, ಸೋಮವಾರಪೇಟೆ

ಉತ್ತರ: ಪೆಟ್ರೋಲ್, ಥಿನ್ನರ್ ಎರಡೂ ಬೇಡ, ರೆಕ್ಸಿನ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ನಿಂತೇ ಇರುವುದಾದರೆ ಸೀಟು ಬಿಚ್ಚಿ ಅಟ್ಟದ ಮೇಲೆ ಇಡಿ, ಒಲೆಯ ಬಿಸಿ ತಾಗುವ ಕಡೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಮಾತ್ರ ಸುತ್ತಬೇಡಿ, ಒಳಗೇ ಬೆವರುತ್ತದೆ. ಹಳೇ ಪಂಚೆ ಹೊದಿಸಿದರೆ ಸಾಕು.