ಮಂಡಿ ಬಿಲ್ಲಿಂಗ್‌ಗೆ ಸ್ವಿಂಗೋ, ಜಾವಾಎಫ್‌ಎಕ್ಸೋ?

ಕೋಲಾರದ ಟೊಮೆಟೊ ಮಂಡಿಯೊಂದಕ್ಕೆ ಬಿಲ್ಲಿಂಗ್ ಪ್ರೋಗ್ರಾಂ ಬರೆಯಲು ಜಾವಾದಲ್ಲಿ ಯಾವ ಟೂಲ್‌ಕಿಟ್ (ವಿಂಡೋ, ಬಟನ್, ಪಟ್ಟಿ ಮಾಡಿಕೊಡುವ ಸಲಕರಣೆ) ಒಳ್ಳೆಯದು ಅಂತ ಕೇಳಿದ್ದೀರಿ. ನನ್ನ ಓಟು ಸ್ವಿಂಗ್‌ಗೆ.

ಹಳೆಯದು, ನಿಜ. 1998ರಲ್ಲಿ ಜಾವಾ 1.2 ಜೊತೆ ಬಂದದ್ದು. ಆದರೆ ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯಲು ಬೇಕಾದ ಮೂಲ ಪ್ಯಾಕೇಜ್) ಒಳಗೇ ಇದೆ, ಬೇರೇನೂ ಹಾಕಬೇಕಿಲ್ಲ. ರೈತರ ಹೆಸರು, ಕ್ರೇಟ್ ಲೆಕ್ಕ, ಹರಾಜಿನ ದರ ಎಲ್ಲ ಒಂದು ಜೆಟೇಬಲ್‌ನಲ್ಲಿ, ಅಂದರೆ ಸ್ವಿಂಗ್‌ನ ಕೋಷ್ಟಕದಲ್ಲಿ, ಕೂರುತ್ತದೆ. ನೋಡಲು ಮಂಕು ಅನ್ನಿಸಿದರೆ ಫ್ಲಾಟ್‌ಲಾಫ್ ಅನ್ನೋ ಥೀಮ್ ಸೇರಿಸಿ, ಮುಖವೇ ಬದಲಾಗುತ್ತದೆ.

ಒಂದು ಕಡೆ ಹುಷಾರು. ಹರಾಜಿನ ಗಡಿಬಿಡಿಯಲ್ಲಿ ಗುಮಾಸ್ತರು 'ಪ್ರಿಂಟ್' ಒತ್ತುತ್ತಾರೆ, ಸ್ಕ್ರೀನ್ ಹಾಗೇ ನಿಂತುಬಿಡುತ್ತದೆ. ಅವರು ಸುಮ್ನೆ ಇರ್ತಾರಾ? ಮತ್ತೆರಡು ಸಲ ಒತ್ತುತ್ತಾರೆ. ಒಬ್ಬ ರೈತರಿಗೆ ಮೂರು ಬಿಲ್! ನಾನೂ ಈ ತಪ್ಪು ಮಾಡಿದವನೇ. ಡೇಟಾಬೇಸ್, ಪ್ರಿಂಟರ್ ಕೆಲಸವನ್ನು ಬಟನ್‌ನ ಲಿಸನರ್ (ಬಟನ್ ಒತ್ತಿದಾಗ ಓಡುವ ಕೋಡ್) ಒಳಗೇ ಮಾಡಬೇಡಿ, ಅದು ಮುಗಿಯುವ ತನಕ ಸ್ಕ್ರೀನ್ ಅಲ್ಲಾಡುವುದಿಲ್ಲ. ಹಿನ್ನೆಲೆಯಲ್ಲಿ ಕೆಲಸ ಮಾಡುವ ಸ್ವಿಂಗ್‌ವರ್ಕರ್‌ಗೆ ಕೊಡಿ, ಮುಗಿಯುವ ತನಕ ಬಟನ್ ಡಿಸೇಬಲ್ ಮಾಡಿಡಿ.

ಅನಿಮೇಷನ್, ಚಾರ್ಟ್ ಜಾಸ್ತಿ ಬೇಕಿದ್ದರೆ ಜಾವಾಎಫ್‌ಎಕ್ಸ್ ಚೆನ್ನ. ವೆಬ್ ಪುಟಗಳಿಗೆ ಮಾಡುವಂತೆ ಸಿಎಸ್‌ಎಸ್ ಬರೆದೇ ಅಂದ ಮಾಡಬಹುದು. ಆದರೆ ಜಾವಾ 11ರಿಂದ ಒರಾಕಲ್ ಜೆಡಿಕೆಯಲ್ಲಿ ಅದಿಲ್ಲ, ಬೇರೆಯಾಗಿ ಸೇರಿಸಬೇಕು. ಎಸ್‌ಡಬ್ಲ್ಯೂಟಿ ಅನ್ನೋ ಮೂರನೇ ಟೂಲ್‌ಕಿಟ್ಟೂ ಇದೆ, ಎಕ್ಲಿಪ್ಸ್‌ನವರದು. ವಿಂಡೋಸ್‌ಗೊಂದು, ಲಿನಕ್ಸ್‌ಗೊಂದು ಜಾರ್ ಫೈಲ್ (ಜಾವಾ ಕೋಡಿನ ಕಟ್ಟು) ಇಡಬೇಕು. ಒಂದು ಮಂಡಿಗೆ ಅಷ್ಟು ರಗಳೆ ಯಾಕೆ, ಅಲ್ವಾ?