ಪುಸ್ತಕದ ಪೆಟ್ಟಿಗೆಯಲ್ಲಿ ಬೆಳ್ಳಿ ಹುಳ

ಪ್ರಶ್ನೆ: ಅಪ್ಪನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಗೋಡೆಗೆ ಒತ್ತಿ ಇಟ್ಟಿದ್ದೆ. ಮೊನ್ನೆ ತೆಗೆದರೆ ಬೆಳ್ಳಿ ಬಣ್ಣದ ಹುಳಗಳು ಸರಸರ ಓಡಿದವು. ಬಿಸಿಲಿಗೆ ಹಾಕಲೇ? ಡಾಂಬರು ಗುಳಿಗೆ ಇಟ್ಟರೆ ಸಾಕಾ?

ಉತ್ತರ: ಅದು ಸಿಲ್ವರ್‌ಫಿಶ್. ಒಂದು ಸೆಂಟಿಮೀಟರ್ ಆಸುಪಾಸಿನ ಉದ್ದ, ಹಿಂದೆ ಮೂರು ಬಾಲ, ರೆಕ್ಕೆ ಇಲ್ಲ. ಇದು ತೂತು ಕೊರೆಯುವುದಕ್ಕಿಂತ ಜಾಸ್ತಿ ಕೆರೆಯುತ್ತದೆ. ಒಂದು ಪುಸ್ತಕವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ರಟ್ಟಿನ ಮೇಲೆ ಅಂಕುಡೊಂಕಾಗಿ ಬಣ್ಣ ಹೋಗಿರುತ್ತದೆ, ಬೆನ್ನಿನ ಹತ್ತಿರ ಅಂಟು ಹಾಕಿದ ಕಡೆ ಕಾಗದ ತೆಳ್ಳಗಾಗಿರುತ್ತದೆ, ಮಡಿಕೆಗಳಲ್ಲಿ ಕರಿಮೆಣಸಿನ ಪುಡಿಯಂಥ ಹಿಕ್ಕೆ ಸಿಗುತ್ತದೆ. ಅದಕ್ಕೆ ಬೇಕಿರುವುದು ಅಂಟಿನಲ್ಲೂ ಕಾಗದದಲ್ಲೂ ಇರುವ ಪಿಷ್ಟ.

ಆದರೆ ಅದನ್ನು ಅಲ್ಲಿ ಉಳಿಸುವುದು ತೇವ. ಗಾಳಿಯ ತೇವಾಂಶ ಶೇ. 75 ದಾಟಿದರೆ ಚೆನ್ನಾಗಿ ಹೆಚ್ಚಿಕೊಳ್ಳುತ್ತದೆ, ಒಣಗಿದ ಜಾಗದಲ್ಲಿ ಬಾಳುವುದಿಲ್ಲ. ಊಟ ಇಲ್ಲದೆ ತಿಂಗಳುಗಟ್ಟಲೆ ಇರಬಲ್ಲ ಹುಳ ಇದು, ಹಾಗಾಗಿ ಕಂಡದ್ದನ್ನು ಕೊಂದು ಸುಮ್ನೆ ಕೂತರೆ ಪ್ರಯೋಜನವಿಲ್ಲ, ಆ ಮೂಲೆಯೇ ಒಣಗಬೇಕು.

ಮೊದಲು ಆ ಪೆಟ್ಟಿಗೆಗಳನ್ನು ಮನೆಯಿಂದ ಹೊರಗೆ ಹಾಕಿ. ರಟ್ಟು ತೇವ ಹೀರುತ್ತದೆ, ಅದರ ಸೀಳುಗಳಲ್ಲಿ ಸಿಲ್ವರ್‌ಫಿಶ್ ಅಲ್ಲದೆ ಜಿರಳೆಯೂ ಅಡಗುತ್ತದೆ. ಪುಸ್ತಕಗಳನ್ನು ಒಂದೊಂದಾಗಿ ಗಟ್ಟಿಯಾಗಿ ಮುಚ್ಚಿ ಹಿಡಿದು, ಮೇಲಂಚಿನ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಗುಡಿಸಿ. ಒದ್ದೆ ಬಟ್ಟೆ ಬೇಡವೇ ಬೇಡ. ಆಮೇಲೆ ಕಪಾಟಿನಲ್ಲಿ ನೇರವಾಗಿ, ಕೈ ಹಾಕಿ ಸುಲಭವಾಗಿ ತೆಗೆಯುವಷ್ಟು ಸಡಿಲವಾಗಿ ಜೋಡಿಸಿ. ಕಪಾಟಿಗೂ ಗೋಡೆಗೂ ನಡುವೆ ನಾಲ್ಕು ಬೆರಳಷ್ಟಾದರೂ ಜಾಗ ಬಿಡಿ. ಗಾಳಿಯ ತೇವ ಅಳೆಯುವ ಚಿಕ್ಕ ಹೈಗ್ರೋಮೀಟರ್ ಒಂದನ್ನು ಅಲ್ಲೇ ಇಟ್ಟು ತೇವಾಂಶ ಶೇ. 50ರ ಆಸುಪಾಸಿನಲ್ಲಿ ಇರುವಂತೆ ನೋಡಿಕೊಂಡರೆ ಅರ್ಧ ಯುದ್ಧ ಗೆದ್ದಂತೆ.

ನೇರ ಬಿಸಿಲು ಬೇಡ. ಕಾಗದ ಹಳದಿಯಾಗುತ್ತದೆ, ಪುಡಿಪುಡಿಯಾಗುತ್ತದೆ. ನೆರಳಲ್ಲಿ ಫ್ಯಾನ್ ಕೆಳಗೆ ಇಟ್ಟರೆ ಸಾಕು. ಡಾಂಬರು ಗುಳಿಗೆಯನ್ನೂ ನಾನು ಹೇಳುವುದಿಲ್ಲ. ಅದರ ಆವಿ ಮನುಷ್ಯರಿಗೆ ಒಳ್ಳೆಯದಲ್ಲ, ಹಸುಗೂಸು ಇರುವ ಮನೆಯಲ್ಲಂತೂ ಇಡಲೇಬಾರದು. ತೆರೆದ ಕಪಾಟಿನಲ್ಲಿ ಅದು ಹುಳವನ್ನು ಕೊಲ್ಲುವುದೂ ಇಲ್ಲ.

ಹುಳ ಜಾಸ್ತಿ ಇರುವ ಪುಸ್ತಕಕ್ಕೆ ಫ್ರೀಜರ್ ಒಳ್ಳೆಯ ದಾರಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ ತೆಗೆದು, ಬಾಯಿ ಭದ್ರ ಮಾಡಿ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಇದ್ದರೆ ಎರಡು ವಾರ ಬಿಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ. ಚರ್ಮದ ಹೊದಿಕೆಯ ಹಳೆಯ ಪುಸ್ತಕ, ಫೋಟೋ ಆಲ್ಬಮ್ ಇದ್ದರೆ ಮಾತ್ರ ತಿಳಿದವರನ್ನು ಕೇಳದೆ ಇದನ್ನು ಮಾಡಬೇಡಿ.

ಪ್ರಶ್ನೆ: ಪುಟದ ಮೇಲೆ ಸೂಜಿಮೊನೆಯಷ್ಟು ಚಿಕ್ಕ, ಬಿಳಿಚಿದ ಹುಳ ಓಡಾಡುತ್ತವೆ. ಇವೂ ಪುಸ್ತಕ ತಿನ್ನುತ್ತವಾ?

ಉತ್ತರ: ಅವು ಪುಸ್ತಕದ ಹೇನು. ಹೆಸರು ಹೇನು ಅಂತ ಇದ್ದರೂ ಕಚ್ಚುವುದಿಲ್ಲ. ಮುಖ್ಯವಾಗಿ ತಿನ್ನುವುದು ಕಾಗದದ ಮೇಲೆ ಬೆಳೆದ ಬೂಷ್ಟನ್ನು, ಅಂದರೆ ನಿಮ್ಮ ಪುಸ್ತಕಕ್ಕೆ ಆಗಲೇ ಥಂಡಿ ಹಿಡಿದಿದೆ ಅಂತ ಅರ್ಥ. ಔಷಧಿ ಹೊಡೆಯಬೇಡಿ, ಜಾಗ ಒಣಗಿಸಿ, ಅವು ತಾವಾಗಿಯೇ ಸಾಯುತ್ತವೆ. ಆದರೆ ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆ ಹತ್ತಿದ್ದು ಕಂಡರೆ ಅದು ಗೆದ್ದಲು. ಪುಸ್ತಕಗಳನ್ನು ಅವತ್ತೇ ಬೇರೆ ಕೋಣೆಗೆ ಸಾಗಿಸಿ, ಗೆದ್ದಲಿಗೆ ಔಷಧಿ ಹಾಕುವವರನ್ನು ಕರೆಸಿ.